ವಿದ್ಯುತ್ ಬಿಲ್ಲಿನ ಬಾಕಿ ಮತ್ತು ಗ್ರಾಹಕರ ಹಕ್ಕು

ಮುಂಬಯಿಯ ನಗರದಲ್ಲಿ ಬೆಸ್ಟ್ ಇರಲಿ, ಉಪನಗರಗಳಲ್ಲಿ ಅದಾನಿ, ಟಾಟಾ ಅಥವಾ ಮಹಾವಿತರಣ ಇರಲಿ, ವಿದ್ಯುತ್ ಸಂಪರ್ಕ ಕಡಿಯುವ ಕಾನೂನು ಒಂದೇ. 2003ರ ವಿದ್ಯುತ್ ಅಧಿನಿಯಮದ 56ನೆಯ ಕಲಮಿನಂತೆ, ಲಿಖಿತ ನೋಟಿಸು ನೀಡಿ ಪೂರ್ಣ 15 ದಿನ ಕಳೆಯದೆ ಬಾಕಿಗಾಗಿ ಸಂಪರ್ಕ ಕಡಿಯುವಂತಿಲ್ಲ.

ಈ 15 ದಿನಗಳನ್ನು ವ್ಯರ್ಥಗೊಳಿಸಬಾರದು. ಬಾಡಿಗೆ ಖೋಲಿಯಲ್ಲಿರುವವರು, ನೋಟಿಸು ಮಾಲೀಕರ ಹೆಸರಿಗೆ ಬರಬಹುದಾದ್ದರಿಂದ, ಅವರನ್ನು ವಿಚಾರಿಸುತ್ತಿರಬೇಕು. ಹಣದ ಅಡಚಣೆಯಿದ್ದಲ್ಲಿ ಕಂತುಗಳಿಗಾಗಿ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆದರೆ ಮನವಿ ಸಲ್ಲಿಸಿದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ. ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಬಿಲ್ಲಿನ ಮೊತ್ತವೇ ತಪ್ಪೆಂದು ತೋರಿದರೆ, ಕೇಳಲಾದ ಮೊತ್ತ ಅಥವಾ ಹಿಂದಿನ 6 ತಿಂಗಳು ತೆತ್ತ ಶುಲ್ಕದ ಸರಾಸರಿಯಂತೆ ಬಾಕಿ ತಿಂಗಳುಗಳಿಗೆ ಆಗುವ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಡನೆ ಕಟ್ಟಿರಿ. ವಿವಾದ ಇತ್ಯರ್ಥವಾಗುವವರೆಗೆ ನಿಮ್ಮ ಮನೆಯ ದೀಪ ಆರದು.