ರೀಲು ಹಾಕೋದು, ರೀಲು ಬಿಡೋದು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಊರು ತೀರ್ಥಹಳ್ಳಿ ಕಡೆ. ಇವತ್ತು ಹೇಳೋಕೆ ಹೊರಟಿರೋದು ಅಂಗೈಯಲ್ಲಿ ಹಿಡಿಸೋ ಹಳೇ ಫಿಲ್ಮ್ ಕ್ಯಾಮೆರಾಗಳ ಬಗ್ಗೆ. ನನ್ನ ಕಪಾಟಿನಲ್ಲಿ ಈಗ 11 ಇವೆ. ಕೆಲಸ ಮಾಡೋದು 4. ಉಳಿದ 7 ಯಾಕೆ ಅಂತ ಹೆಂಡತಿ ಆಗಾಗ ಕೇಳ್ತಾಳೆ. ಉತ್ತರ ಇನ್ನೂ ಸಿಕ್ಕಿಲ್ಲ.

ಶುರುವಾಗಿದ್ದು ಜೂನಾ ಬಜಾರಿನಲ್ಲಿ. ಪುಣೆಯವರಿಗೆ ಗೊತ್ತಿರುತ್ತೆ, ಬುಧವಾರ ಮತ್ತು ಭಾನುವಾರ ಸೇರೋ ಹಳೇ ಸಾಮಾನಿನ ಸಂತೆ. ಬೀಗ, ನಲ್ಲಿ, ಕೆಟ್ಟ ಮಿಕ್ಸರ್‌ಗಳ ಮಧ್ಯೆ ಒಂದು ಒಲಿಂಪಸ್ ಟ್ರಿಪ್ 35 ಬಿದ್ದಿತ್ತು. ಲೆನ್ಸ್ ಸುತ್ತ ನೊಣದ ಕಣ್ಣಿನ ಥರ ಉಬ್ಬುಬ್ಬಾದ ಗಾಜಿನ ಉಂಗುರ. 1967ರಿಂದ 1984ರವರೆಗೆ ತಯಾರಾದ ಮಾಡೆಲ್ ಅದು. ನನ್ನ ಕ್ಯಾಮೆರಾಗೆ ನನಗಿಂತ ವಯಸ್ಸು ಜಾಸ್ತಿ. ಚೌಕಾಸಿ ಮಾಡಿ 700 ರೂಪಾಯಿಗೆ ತಂದೆ.

ಇದಕ್ಕೆ ಬ್ಯಾಟರಿಯೇ ಇಲ್ಲ. ಆ ಉಂಗುರದ ಹಿಂದೆ ಸೆಲೀನಿಯಂ ಸೆಲ್ ಇದೆ. ಬೆಳಕು ಬಿದ್ದರೆ ಚೂರು ಕರೆಂಟ್ ಹುಟ್ಟುತ್ತೆ, ಅದರಿಂದ ಒಂದು ಮುಳ್ಳು ಅಲ್ಲಾಡುತ್ತೆ. ನೀವು ಬಟನ್ ಒತ್ತಿದಾಗ ಕ್ಯಾಮೆರಾ ಆ ಮುಳ್ಳನ್ನ ಅಲ್ಲೇ ಹಿಡಿದು, ಅದು ನಿಂತ ಜಾಗ ನೋಡಿ ಅಪರ್ಚರ್ ತೀರ್ಮಾನ ಮಾಡುತ್ತೆ. ಶಟರ್ ವೇಗ ಎರಡೇ: 1/40 ಮತ್ತು 1/200. ಬೆಳಕು ಸಾಲದಿದ್ದರೆ ವ್ಯೂಫೈಂಡರ್ ಒಳಗೆ ಕೆಂಪು ಪಟ್ಟಿಯೊಂದು ಎದ್ದು ನಿಲ್ಲುತ್ತೆ, ಶಟರ್ ಬೀಳೋದೇ ಇಲ್ಲ. ಒಂದು ಸಾಲು ಕೋಡ್ ಇಲ್ಲದೆ ಇಷ್ಟೆಲ್ಲ! ಎಂಟೆಕ್ ಮಾಡಿದ ನಾನು ಅವತ್ತು ರಾತ್ರಿ ಊಟ ಬಿಟ್ಟು ಅದನ್ನೇ ನೋಡ್ತಾ ಕೂತಿದ್ದೆ.

ಕೊಳ್ಳೋರಿಗೆ ಎರಡು ಮಾತು. ಟ್ರಿಪ್ ಸಿಕ್ಕರೆ ‘ಎ’ಯಲ್ಲಿಟ್ಟು, ಲೆನ್ಸ್‌ಗೆ ಕೈ ಮುಚ್ಚಿ ಬಟನ್ ಒತ್ತಿ. ಕೆಂಪು ಪಟ್ಟಿ ಬರಬೇಕು. ಆಮೇಲೆ ಬಿಸಿಲಿಗೆ ಹಿಡಿದು ಒತ್ತಿ, ಆಗ ಬರಬಾರದು. ಬಿಸಿಲಲ್ಲೂ ಬಂತು ಅಂದ್ರೆ ಹೆಚ್ಚಾಗಿ ಸೆಲ್ ಸತ್ತಿದೆ, ಬಿಟ್ಟುಬಿಡಿ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಲೆನ್ಸ್ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಮುಂಬೈ, ಚೆನ್ನೈನವರಿಗೆ ಈ ಕಾಟ ಜಾಸ್ತಿ. ನಮ್ಮ ಮಲೆನಾಡಂತೂ ಕೇಳಲೇಬೇಡಿ, ಅಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತೆ. ಹಿಂಬಾಗಿಲಿನ ಸ್ಪಂಜು ಅಂಟಂಟಾಗಿದ್ದರೆ ಹೆದರಬೇಡಿ, ಕೆರೆದು ತೆಗೆದು ಹೊಸದು ಅಂಟಿಸಿದ್ರೆ ಆಯ್ತು.

ಈಗ ನನ್ನ ದಡ್ಡತನದ ಕಥೆಗೆ ಬರ್ತೀನಿ. ಊರಿನ ನಮ್ಮ ಹಳೇ ಮನೆ ಕೆಡವೋದು ಅಂತ ಚಿಕ್ಕಪ್ಪಂದಿರು ತೀರ್ಮಾನ ಮಾಡಿದ್ರು. ನಾನು ಟ್ರಿಪ್ ಹಿಡ್ಕೊಂಡು ರಾತ್ರಿ ಬಸ್ ಹತ್ತಿದೆ. ಎರಡು ದಿನ ಬರೀ ಅದರಲ್ಲೇ ತೆಗೆದೆ. ಮೊಬೈಲ್ ಮುಟ್ಟಲಿಲ್ಲ, ಅದೊಂದು ಜಂಬ. ಜಗಲಿಯ ಕಂಬಕ್ಕೆ ಒರಗಿದ ಅಜ್ಜಿ, ಅಡಿಕೆ ಹರವಿದ ಅಂಗಳ, ಹೊಗೆ ಹಿಡಿದು ಕಪ್ಪಾದ ಅಟ್ಟ. ರೋಲು, ಡೆವಲಪ್, ಸ್ಕ್ಯಾನ್ ಎಲ್ಲ ಸೇರಿ ನನಗೆ ಒಂದು ಕ್ಲಿಕ್ಕಿಗೆ 40 ರೂಪಾಯಿ ಬೀಳುತ್ತೆ. ಹಾಗಾಗಿ ಅಜ್ಜಿಯನ್ನ ಹತ್ತತ್ತು ನಿಮಿಷ ಅಲ್ಲಾಡದೆ ಕೂರಿಸಿದ್ದೆ. ಪಾಪ, ಕೂತರು. 36 ಮುಗಿದ ಮೇಲೂ ಚಕ್ರ ಸಲೀಸಾಗಿ ತಿರುಗ್ತಾನೇ ಇತ್ತು. ಒಂದೆರಡು ಫೋಟೋ ಪುಕ್ಕಟೆ ಸಿಕ್ತು ಅಂತ ಖುಷಿಪಟ್ಟೆ.

ಪುಣೆಗೆ ಬಂದು ಲ್ಯಾಬಿಗೆ ಕೊಟ್ಟೆ. ಖಾಲಿ. ರೀಲಿನ ತುದಿ ಆ ಕಡೆಯ ಉರುಳೆಗೆ ಸಿಕ್ಕೇ ಇರಲಿಲ್ಲ. ಫಿಲ್ಮ್ ಎರಡು ದಿನವೂ ಡಬ್ಬಿಯೊಳಗೇ ಆರಾಮಾಗಿತ್ತು. ಕೌಂಟರ್ ಮಾತ್ರ ಎಣಿಸ್ತಾ ಹೋಗಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಲಾಗ್‌ನಲ್ಲಿ ಎಲ್ಲ ಸಕ್ಸಸ್, ಡೇಟಾಬೇಸ್‌ನಲ್ಲಿ ಒಂದು ಸಾಲೂ ಇಲ್ಲ. ಚಕ್ರ ತಿರುಗಿಸುವಾಗ ಎಡಗಡೆಯ ರಿವೈಂಡ್ ಗುಬ್ಬಿ ತಾನೂ ತಿರುಗಬೇಕು, ಆಗಲೇ ಫಿಲ್ಮ್ ಓಡ್ತಿದೆ ಅಂತ ಅರ್ಥ. ರೀಲು ಹಾಕಿದ ಕೂಡಲೇ ಸಡಿಲ ಇದ್ದಷ್ಟನ್ನ ಹಿಂದಕ್ಕೆ ಬಿಗಿ ಮಾಡಿ, ಆಮೇಲೆ ಗುಬ್ಬಿ ಮೇಲೆ ಕಣ್ಣಿಡಿ. ಎರಡು ಸೆಕೆಂಡಿನ ಕೆಲಸ. ನಾನು ಮಾಡಿರಲಿಲ್ಲ.

ನಾನು ಮತ್ತೆ ಊರಿಗೆ ಹೋಗೋ ಹೊತ್ತಿಗೆ ಮನೆ ಇರಲಿಲ್ಲ. ಹೆಂಚು ಒಂದು ಕಡೆ, ಕಂಬಗಳು ಒಂದು ಕಡೆ ಪೇರಿಸಿಟ್ಟಿದ್ರು. ಆ ಮನೆಯ ಕೊನೇ ಫೋಟೋ ಅಂತ ನನ್ನ ಹತ್ತಿರ ಇರೋದು ಚಿಕ್ಕಪ್ಪನ ಮಗಳು ವಾಟ್ಸಾಪ್‌ನಲ್ಲಿ ಕಳಿಸಿದ 3. ಒಂದರಲ್ಲಿ ನಾನೇ ಇದ್ದೀನಿ, ಟ್ರಿಪ್ ಕಣ್ಣಿಗೆ ಒತ್ತಿಕೊಂಡು ಅಜ್ಜಿಯ ಎದುರು ಮೊಣಕಾಲೂರಿ ಕೂತು.

ಅಜ್ಜಿಗೆ ವಿಷಯ ಹೇಳೋಕೆ ನನಗೆ ಒಂದು ವರ್ಷ ಬೇಕಾಯ್ತು. ಕಳೆದ ದೀಪಾವಳಿಯಲ್ಲಿ ಚಿಕ್ಕಪ್ಪನ ಹೊಸ ಆರ್‌ಸಿಸಿ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನ ಕೂರಿಸಿ, ಗುಬ್ಬಿ ತಿರುಗ್ತಿದೆಯಾ ಅಂತ ಎರಡು ಸಲ ನೋಡಿ, ಕ್ಯಾಮೆರಾ ಎತ್ತಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದ್ರು:

“ಈ ಸಲ ರೀಲು ಹಾಕಿದೀಯೇನೋ ಮಾರಾಯ, ಇಲ್ಲಾ ಬರೀ ರೀಲು ಬಿಡ್ತಿದೀಯೋ?”