‘ಗೇಮ್‌ಬಾಯ್ಸ್’: ಪರದೆಗೆ ಸಿಕ್ಕಿದ್ದು, ಪರದೆ ಬಿಟ್ಟಿದ್ದು



ಏಷ್ಯಾದ ವೆಬ್ ಸರಣಿಗಳ ಕುರಿತ ಸಂಕಿರಣದಲ್ಲಿ ಆಶಯ ಭಾಷಣ ಮಾಡುವವರು ಟೋಕಿಯೊದಿಂದ ಹೊರಟು ಸೋಲ್, ಬ್ಯಾಂಕಾಕ್ ದಾಟಿ ಮುಂಬೈಗೆ ಬಂದಿಳಿಯುವುದು ವಾಡಿಕೆ. ಆ ಪ್ರದಕ್ಷಿಣೆಯನ್ನು ಮುಂದಿನ ಗೋಷ್ಠಿಗಳಿಗೆ ಬಿಟ್ಟು ನಾನು ಒಂದೇ ಸರಣಿಯನ್ನು ಹಿಡಿದು ಕೂರುತ್ತೇನೆ. ಅದು ಫಿಲಿಪೈನ್ಸ್‌ನ ‘ಗೇಮ್‌ಬಾಯ್ಸ್’. ಇಬ್ಬರು ಹುಡುಗರ ಪ್ರೇಮಕಥೆ. ಬಾಯ್ಸ್ ಲವ್ ಎಂಬ ಪ್ರಕಾರ. ಅಭಿಮಾನಿಗಳ ಬಾಯಲ್ಲಿ ಬರೀ ‘ಬಿಎಲ್’. 2020ರ ಮೇ 22ರಂದು ಯೂಟ್ಯೂಬಿನಲ್ಲಿ ಶುರುವಾಯಿತು. ವರ್ಷದ ಕೊನೆಗೆ ನೆಟ್‌ಫ್ಲಿಕ್ಸ್ ಸೇರಿತು, ಮರುವರ್ಷ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯ ಕಿರುಸರಣಿ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತು. ಈ ಬಿರುದಾವಳಿಯಿಂದ ಅದು ಒಳ್ಳೆಯ ಸರಣಿ ಎಂದು ಸಾಬೀತಾಗುವುದಿಲ್ಲ. ಒಳ್ಳೆಯ ಸರಣಿಯೇ, ಆದರೆ ಕಾರಣ ಬೇರೆ.

ಬಿಎಲ್‌ನ ಮೂಲ ಎಪ್ಪತ್ತರ ದಶಕದ ಜಪಾನಿನಲ್ಲಿ, ಹೆಂಗಸರು ಹೆಂಗಸರಿಗಾಗಿ ಬರೆದ ಮಾಂಗಾ ಎಂಬ ಚಿತ್ರಕಥೆಗಳಲ್ಲಿದೆ. ಥಾಯ್ಲೆಂಡ್ ಅದನ್ನು ಟಿವಿಗೆ ತಂದು ಉದ್ಯಮ ಮಾಡಿತು. 2020ರಲ್ಲಿ ‘ಟುಗೆದರ್’ ಎಂಬ ಥಾಯ್ ಸರಣಿಗೆ ಮನಿಲಾದ ಹುಡುಗ ಹುಡುಗಿಯರು ಮರುಳಾಗಿದ್ದರು. ಅದೇ ಹೊತ್ತಿಗೆ, ಮಾರ್ಚ್ 17ರಿಂದ, ಕೋವಿಡ್ ಕಾರಣಕ್ಕೆ ಮನಿಲಾ ಇರುವ ಇಡೀ ಲುಜೋನ್ ದ್ವೀಪಕ್ಕೆ ಬೀಗ ಬಿದ್ದಿತ್ತು. ಜೀಪ್‌ನಿ ಎಂಬ ಬಾಡಿಗೆ ಬಂಡಿಗಳು ನಿಂತವು, ಶೂಟಿಂಗ್ ನಿಂತಿತು. ದೇಶದ ಅತಿದೊಡ್ಡ ವಾಹಿನಿ ಎಬಿಎಸ್-ಸಿಬಿಎನ್ ಪರವಾನಗಿ ಮುಗಿದು ಮೇ 5ರಂದು ಪ್ರಸಾರವನ್ನೇ ನಿಲ್ಲಿಸಿತು. ದೊಡ್ಡವರ ಅಂಗಡಿ ಮುಚ್ಚಿದಾಗ ‘ಐಡಿಯಾಫಸ್ಟ್’ ಎಂಬ ಚಿಕ್ಕ ಸಂಸ್ಥೆ ಕೈಗೆ ಸಿಕ್ಕಿದ್ದನ್ನೇ ಬಳಸಿತು: ಲ್ಯಾಪ್‌ಟಾಪು, ಫೋನು, ಮನೆಯ ಕೋಣೆ. ಪರ್ಸಿ ಇಂಟಾಲಾನ್, ಜುನ್ ರೋಬ್ಲೆಸ್ ಲಾನಾ ಅವರ ಸಂಸ್ಥೆ ಅದು. ಬರೆದವರು ಆಶ್ ಮಲಾನಮ್, ನಿರ್ದೇಶಿಸಿದವರು ಐವನ್ ಆಂಡ್ರ್ಯೂ ಪಯವಾಲ್. ನಟರು ತಮ್ಮ ತಮ್ಮ ಮನೆಯಲ್ಲಿ, ನಿರ್ದೇಶಕರು ವಿಡಿಯೊ ಕರೆಯಲ್ಲಿ.

ಕಥೆ ಸರಳ. ಕೈರೋ ಆನ್‌ಲೈನ್ ಆಟ ಆಡುತ್ತ ನೇರಪ್ರಸಾರ ಮಾಡುವ ಹುಡುಗ. ಅನಾಮಿಕ ಎದುರಾಳಿಯೊಬ್ಬನಿಗೆ ಸೋಲುತ್ತಾನೆ, ಮರುಪಂದ್ಯಕ್ಕೆ ಹಟ ಹಿಡಿಯುತ್ತಾನೆ. ಎದುರಾಳಿ ಗ್ಯಾವ್ರೀಲ್‌ಗೆ ಆಟಕ್ಕಿಂತ ಆಟಗಾರನ ಮೇಲೆ ಕಣ್ಣು. ಅಲ್ಲಿಂದ ಮುಂದೆ ನಾವು ನೋಡುವುದೆಲ್ಲ ಅವರ ಪರದೆಗಳನ್ನು: ಕರೆಯ ಚೌಕಗಳು, ಸಂದೇಶದ ಪೆಟ್ಟಿಗೆ, ಒಂದರ ಮೇಲೊಂದು ತೆರೆದ ಕಿಟಕಿಗಳು. ಈ ತಂತ್ರ ಸಿನಿಮಾಗಳಲ್ಲಿ ಮೊದಲೇ ಬಂದಿತ್ತು, ಹೆಚ್ಚಾಗಿ ದೆವ್ವದ ಕಥೆಗಳಿಗೆ, ಅಪರಾಧದ ಕಥೆಗಳಿಗೆ. ಪ್ರೇಮಕ್ಕೆ ಅದು ಇಷ್ಟು ಚೆನ್ನಾಗಿ ಒಗ್ಗುತ್ತದೆ ಎಂದು ತೋರಿಸಿದ್ದು ಈ ಸರಣಿ.

ಒಗ್ಗಿದ್ದು ಹೇಗೆ? ವಿಡಿಯೊ ಕರೆಯಲ್ಲಿ ಯಾರೂ ಯಾರ ಕಣ್ಣನ್ನೂ ನೇರ ನೋಡಲಾರರು. ಕ್ಯಾಮೆರಾ ನೋಡಿದರೆ ಎದುರಿನವನ ಮುಖ ತಪ್ಪುತ್ತದೆ, ಮುಖ ನೋಡಿದರೆ ದೃಷ್ಟಿ ತಗ್ಗಿದಂತೆ ಕಾಣುತ್ತದೆ. ಮೂಲೆಯ ಪುಟ್ಟ ಚೌಕದಲ್ಲಿ ನಮ್ಮದೇ ಮುಖ ನಮ್ಮನ್ನು ನೋಡುತ್ತಿರುತ್ತದೆ. ಪ್ರೀತಿಸುವವನು ತಾನು ಹೇಗೆ ಕಾಣುತ್ತಿದ್ದೇನೆ ಎಂದು ತಡವರಿಸುವುದು ಇಲ್ಲಿ ನಟನೆಯ ಸೂಕ್ಷ್ಮವಷ್ಟೇ ಅಲ್ಲ, ಉಪಕರಣದ ಗುಣ. ಟೈಪ್ ಮಾಡಿ ಅಳಿಸಿದ ಸಾಲು ಕಳಿಸಿದ ಸಾಲಿಗಿಂತ ಹೆಚ್ಚು ಹೇಳುತ್ತದೆ. ಅದನ್ನು ಓದುವುದು ನಾವು ಮಾತ್ರ, ಆ ಕಡೆಯವನಿಗೆ ಅದು ಕಾಣುವುದಿಲ್ಲ. ನಾಟಕದ ಸ್ವಗತಕ್ಕೆ ಇದಕ್ಕಿಂತ ಸಹಜವಾದ ಹೊಸ ರೂಪ ಇತ್ತೀಚೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕೈರೋ ಆಗಿರುವ ಎಲೈಜಾ ಕಾನ್ಲಾಸ್, ಗ್ಯಾವ್ರೀಲ್ ಆಗಿರುವ ಕೊಕೊಯ್ ಡೆ ಸಾಂಟೋಸ್ ಇಬ್ಬರೂ ಕತ್ತಿನಿಂದ ಮೇಲಷ್ಟೇ ಬಳಸಿ ನಟಿಸಬೇಕಾಗಿತ್ತು. ಕಾನ್ಲಾಸ್ ಅದರಲ್ಲಿ ಪಳಗಿದ್ದಾರೆ.

ಇನ್ನೊಂದು ಬಲ ತೀರಾ ಫಿಲಿಪಿನೋ. ಅಲ್ಲಿ ಹುಡುಗ ಹುಡುಗಿಯ ಮನೆಗೆ ಹೋಗಿ, ಹಿರಿಯರ ಮನ ಗೆದ್ದು, ಮನೆಗೆಲಸ ಮಾಡಿಕೊಟ್ಟು ಒಲಿಸಿಕೊಳ್ಳುವ ಹಳೆಯ ಪದ್ಧತಿಯಿತ್ತು. ಕಿಟಕಿಯ ಕೆಳಗೆ ನಿಂತು ಗಿಟಾರ್ ಹಿಡಿದು ಹಾಡುವ ‘ಹರಾನಾ’ ಅದರ ಒಂದು ಭಾಗ. ಗ್ಯಾವ್ರೀಲ್ ಮಾಡುವುದು ಅದನ್ನೇ, ಕಿಟಕಿ ಮಾತ್ರ ವಿಂಡೋಸ್‌ನದ್ದು. ಗಂಡು ಗಂಡನ್ನು ಒಲಿಸಿಕೊಳ್ಳುವುದಕ್ಕೆ ಹೊರಗಿನಿಂದ ತಂದ ಶಿಷ್ಟಾಚಾರ ಬೇಕಿಲ್ಲ, ಅಜ್ಜನ ಕಾಲದ್ದೇ ಸಾಕು ಎಂದು ಗದ್ದಲವಿಲ್ಲದೆ ಹೇಳಿಬಿಡುವ ಜಾಣತನ ಇದು. ಹಾಸ್ಯನಟ ಡಾಲ್ಫಿ 1969ರಲ್ಲಿ ‘ಫಾಸಿಫಿಕಾ ಫಾಲಾಯ್‌ಫಾಯ್’ ಚಿತ್ರದಲ್ಲಿ ಹೆಣ್ಣಿಗನ ಪಾತ್ರ ಮಾಡಿ ನಗಿಸಿದಂದಿನಿಂದ ಅಲ್ಲಿನ ಜನಪ್ರಿಯ ಚಿತ್ರಗಳಲ್ಲಿ ಸಲಿಂಗಿಗಳ ಪಾಲಿಗೆ ಹೆಚ್ಚಾಗಿ ಬಂದದ್ದು ನಗೆ; ಲಿನೋ ಬ್ರೋಕಾ ಅವರ ‘ಮಾಚೋ ಡಾನ್ಸರ್’ನಂಥ ಗಂಭೀರ ಚಿತ್ರಗಳಲ್ಲಿ ದುರಂತ. ಪ್ರೇಮಿಯಾಗುವ, ಸತಾಯಿಸುವ, ಮುನಿಸಿಕೊಳ್ಳುವ ಹಕ್ಕು ಅಪರೂಪ. ಕನ್ನಡದಲ್ಲಿ ವಸುಧೇಂದ್ರರ ಸಲಿಂಗಪ್ರೇಮದ ಕಥೆಗಳ ‘ಮೋಹನಸ್ವಾಮಿ’ ಓದಿದವರಿಗೆ ಈ ಹಕ್ಕಿನ ಬೆಲೆ ಗೊತ್ತು.

ಮತ್ತೆ ಸಾವು. ಕೈರೋನ ತಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿ ತೀರಿಕೊಳ್ಳುತ್ತಾರೆ. ಫಿಲಿಪಿನೋ ಮನೆಗಳಲ್ಲಿ ಸತ್ತವರನ್ನು ದಿನಗಟ್ಟಲೆ ಇರಿಸಿಕೊಂಡು, ನೆಂಟರು ಕಾಫಿ ಕುಡಿಯುತ್ತ, ಇಸ್ಪೀಟು ಆಡುತ್ತ ಜಾಗರಣೆ ಮಾಡುವ ‘ಲಾಮಾಯ್’ ಎಂಬ ಆಚರಣೆಯಿದೆ. ಕೋವಿಡ್ ನಿಯಮ ಅದನ್ನು ಕಿತ್ತುಕೊಂಡಿತ್ತು. ಅಪ್ಪನ ಶವದ ಬಳಿ ಕೂರಲಾಗದ ಮಗನ ದುಃಖವನ್ನು ಈ ಸರಣಿ, ಜನ ಅದೇ ದುಃಖದಲ್ಲಿದ್ದಾಗಲೇ ತೋರಿಸಿತು. ಹಗುರ ಪ್ರೇಮಕಥೆ ಎಂದು ನೋಡಲು ಕೂತವರಿಗೆ ಅಲ್ಲಿ ಗಂಟಲು ಕಟ್ಟುತ್ತದೆ. ಪ್ರೇಮ ಮತ್ತು ಸಾವು ಎರಡನ್ನೂ ಒಂದೇ ‘ದೂರ’ ಆಳುವ ಈ ಮಧ್ಯದ ಕಂತುಗಳೇ ಸರಣಿಯ ಎತ್ತರ.

ಇನ್ನು ಕೊರತೆ. ಪರದೆಯ ಕಟ್ಟು ಬಿಗಿಯಾಗಿದ್ದಷ್ಟು ಹೊತ್ತು ಕಥೆ ಬಿಗಿ. ಸಡಿಲವಾದಾಗ ಅದು ಹತ್ತು ಧಾರಾವಾಹಿಗಳಲ್ಲಿ ಹನ್ನೊಂದನೆಯದು. ಗ್ಯಾವ್ರೀಲ್‌ನ ಹಳೆಯ ಪ್ರೇಮಿ ಟೆರೆನ್ಸ್ ಬಂದು ಹುಳಿ ಹಿಂಡುವ ಭಾಗ ಬರೀ ಮಸಾಲೆ. ಕೈರೋ, ಗ್ಯಾವ್ರೀಲ್ ಕೊನೆಗೆ ಎದುರುಬದುರಾದಾಗ ಅಭಿಮಾನಿಗಳು ಕುಣಿದರು. ನನಗೆ ಅಲ್ಲಿಂದ ಮುಂದೆ ಕ್ಯಾಮೆರಾಕ್ಕೆ ಏನು ಮಾಡಬೇಕೆಂದು ತೋಚಲಿಲ್ಲ ಅನ್ನಿಸಿತು. ಇದೇ ಕಥೆ ಮುಂದುವರಿದ 2021ರ ಸಿನಿಮಾದಲ್ಲಿ ಈ ತಬ್ಬಿಬ್ಬು ಇನ್ನೂ ಢಾಳಾಗಿದೆ.

ಹರಾನಾದ ಜಾಣತನಕ್ಕೂ ಇನ್ನೊಂದು ಮಗ್ಗುಲಿದೆ. ಬೇಡ ಎಂದವನ ಬೆನ್ನು ಬಿಡದೆ ಕರೆ ಮಾಡುತ್ತಲೇ ಇರುವುದು ಪರದೆಯ ಮೇಲೆ ಮುದ್ದಾಗಿ ಕಾಣುವುದು ಗ್ಯಾವ್ರೀಲ್ ಚೆಲುವನಾಗಿರುವುದರಿಂದ. ಹುಡುಗಿಯ ಹಿಂದೆ ಬಿದ್ದು ಒಲಿಸುವ ನಾಯಕರನ್ನು ನಾವು ನಮ್ಮ ಸಿನಿಮಾಗಳಲ್ಲಿ ಟೀಕಿಸುತ್ತ ಬಂದಿದ್ದೇವೆ; ಇಬ್ಬರೂ ಗಂಡಸರೆಂಬ ಕಾರಣಕ್ಕೆ ಆ ಟೀಕೆಯನ್ನು ಜೇಬಿಗಿಟ್ಟುಕೊಳ್ಳಬೇಕೆ?

ಇದಕ್ಕಿಂತ ದೊಡ್ಡ ಪ್ರಶ್ನೆ, ಚೌಕಟ್ಟಿನಲ್ಲಿ ಯಾರಿಗೆ ಜಾಗವಿದೆ ಎಂಬುದು. ಸ್ವಂತ ಕೋಣೆ, ಕಡಿದು ಹೋಗದ ಇಂಟರ್‌ನೆಟ್ಟು, ಆಟದ ಕಂಪ್ಯೂಟರು ಇದ್ದವರದ್ದು ಈ ಪ್ರೀತಿ. 2020ರ ಏಪ್ರಿಲ್ 1ರಂದು ಅಧ್ಯಕ್ಷ ಡುಟೆರ್ಟೆ, ಲಾಕ್‌ಡೌನ್ ವೇಳೆ ಗಲಾಟೆ ಮಾಡಿ ಜೀವಕ್ಕೆ ಅಪಾಯ ತರುವವರನ್ನು ಗುಂಡಿಕ್ಕಿ ಎಂದು ಟಿವಿಯಲ್ಲಿ ಹೇಳಿದ್ದರು. ಅನ್ನ ಕೇಳಿ ಬೀದಿಗಿಳಿದವರು ಬಂಧನಕ್ಕೊಳಗಾದ ದಿನವೇ ಅದು. ಆ ಮನಿಲಾಕ್ಕೆ ಈ ಕಥೆಯ ನಡುಮನೆಯಲ್ಲಿ ಜಾಗವಿಲ್ಲ. ನಡೆನುಡಿಯಲ್ಲಿ ಹೆಣ್ತನವಿರುವ, ಪಾರ್ಲರಿನಲ್ಲಿ ದುಡಿಯುವ, ಡಾಲ್ಫಿ ಯಾರನ್ನು ಅಣಕಿಸಿ ನಗಿಸಿದ್ದರೋ ಆ ಮನುಷ್ಯನಿಗೂ ಇಲ್ಲ. ನಗೆಪಾಟಲಿನಿಂದ ಬಿಡುಗಡೆ ಸಿಕ್ಕಿದ್ದು ನಯವಾದ, ಮಾರುಕಟ್ಟೆಗೆ ಒಪ್ಪುವ ಗಂಡುಹುಡುಗರಿಗೆ. ಲಿಂಗತ್ವ ಮತ್ತು ಲೈಂಗಿಕತೆಯ ಆಧಾರದ ತಾರತಮ್ಯ ತಡೆಯುವ ಮಸೂದೆ ಅಲ್ಲಿ ಮೊದಲು ಮಂಡನೆಯಾದದ್ದು 2000ದಲ್ಲಿ. ಸರಣಿ ಬಂದಾಗಲೂ ಅದು ಕಾನೂನಾಗಿರಲಿಲ್ಲ. ಜೋಡಿಯನ್ನು ಕೊಂಡಾಡಿದ ಲಕ್ಷಾಂತರ ಕಣ್ಣುಗಳಿಗೂ ಈ ಮಸೂದೆಗೂ ನಡುವಿನ ಕಂದಕದ ಬಗ್ಗೆ ನಾಳೆಯ ಗೋಷ್ಠಿ ಯೋಚಿಸಬೇಕು.

ಕೊನೆಯದಾಗಿ ಪರ್ಲ್. ಆಡ್ರಿಯಾನಾ ಸೋ ಮಾಡಿದ ಪಾತ್ರ. ಗ್ಯಾವ್ರೀಲ್‌ನ ಗೆಳತಿ, ಹುಡುಗರಿಬ್ಬರ ಜಗಳ ಬಿಡಿಸುವವಳು, ಸಮಾಧಾನ ಹೇಳುವವಳು. ಅಂದರೆ ಬಿಎಲ್ ಕಥೆಗಳಲ್ಲಿ ಹೆಣ್ಣಿಗೆ ಸಿಗುವ ಎಂದಿನ ಕೆಲಸ. ಐಡಿಯಾಫಸ್ಟ್ ಸಂಸ್ಥೆ 2020ರಲ್ಲೇ ಅವಳಿಗೇ ‘ಪರ್ಲ್ ನೆಕ್ಸ್ಟ್ ಡೋರ್’ ಎಂಬ ಸರಣಿ ಕೊಟ್ಟಿತು. ಅದರಲ್ಲಿ ಅವಳು ಹುಡುಗಿಯರನ್ನು ಪ್ರೀತಿಸುತ್ತಾಳೆ. ಹುಡುಗರ ಸರಣಿಯ ಬಗ್ಗೆ ನಡೆದಷ್ಟು ಚರ್ಚೆ ಅದರ ಬಗ್ಗೆ ನಡೆಯಲಿಲ್ಲ. ನಮ್ಮ ಪ್ರಬಂಧಗಳ ಪಟ್ಟಿಯಲ್ಲೂ ಅವಳ ಮೇಲೆ ಒಂದೂ ಇಲ್ಲ. ಚರ್ಚೆಯ ಹೊತ್ತಿನಲ್ಲಾದರೂ ಯಾರಾದರೂ ಅದನ್ನು ಎತ್ತಿಕೊಳ್ಳಲಿ ಎಂದು ಕೇಳಿಕೊಂಡು, ಮೊದಲ ಗೋಷ್ಠಿಗೆ ವೇದಿಕೆ ಬಿಟ್ಟುಕೊಡುತ್ತೇನೆ.