ಡಿಫೆಂಡರ್ ಅಂದ್ರೆ ಬಾಲ್ ಹೊರಗೆ ಒದೆಯೋನಾ?

ಇಲ್ಲಿ ಕೂತಿರೋರಲ್ಲಿ ಫುಟ್‌ಬಾಲ್ ನೋಡೋರು ಎಷ್ಟು ಜನ, ಸ್ವಲ್ಪ ಕೈ ಎತ್ತಿ. ಪರವಾಗಿಲ್ಲ, ಹತ್ತು ಹನ್ನೆರಡು ಕೈ ಇವೆ. ಉಳಿದವರು ಹೆದರಬೇಡಿ, ಆಫ್‌ಸೈಡ್ ಅಂದ್ರೇನು ಅಂತ ನಾನು ಇವತ್ತು ಯಾರಿಗೂ ಪಾಠ ಮಾಡಲ್ಲ. ಒಬ್ಬ ಆಟಗಾರ ಮಾಡಿದ ಒಂದು ತಪ್ಪು, ಅದರ ಮೇಲೆ ಯೆರವಡಾದ ಒಂದು ಫ್ಲಾಟಿನಲ್ಲಿ ನಾವು ನಾಲ್ಕು ಜನ ಮಾಡಿದ ಜಗಳ, ಆ ಜಗಳದಲ್ಲಿ ನಾನು ಆಡಿದ ಮಾತು ಆಫೀಸಿನಲ್ಲಿ ನನಗೇ ತಿರುಗಿ ಬಂದದ್ದು. ಇವಿಷ್ಟನ್ನು ಹೇಳ್ತೀನಿ.

2023ರ ಜೂನ್ 27, ಮಂಗಳವಾರ. ಪುಣೆಯಲ್ಲಿ ಮಳೆ. ಗುಂಜನ್ ಚೌಕದ ಹತ್ತಿರ ನಮ್ಮ ಗೆಳೆಯನೊಬ್ಬನ ಮನೆ. ನಾವು ನಾಲ್ವರು: ಹುಬ್ಬಳ್ಳಿಯವನು, ಮಂಗಳೂರಿನವನು, ಮೈಸೂರಿನವನು, ದಾವಣಗೆರೆಯ ನಾನು. ಎಲ್ಲರದ್ದೂ ಐಟಿ ಕೆಲಸ, ಎಲ್ಲರೂ ಒಂದು ಕಾಲದಲ್ಲಿ ಬೆಂಗಳೂರಿನಲ್ಲಿದ್ದು ಕಂಠೀರವದ ಮೆಟ್ಟಿಲ ಮೇಲೆ ಕೂತು ಗಂಟಲು ಹರ್ಕೊಂಡವರು. ಪುಣೆಗೆ ಬಂದ ಮೇಲೂ ಹುಚ್ಚು ಬಿಟ್ಟಿರಲಿಲ್ಲ. 2018ರ ಮಾರ್ಚ್‌ನಲ್ಲಿ ಪುಣೆ ಸಿಟಿ ಮತ್ತು ಬೆಂಗಳೂರು ತಂಡಗಳ ಐಎಸ್‌ಎಲ್ ಸೆಮಿಫೈನಲ್‌ನ ಮೊದಲ ಪಂದ್ಯ ಇಲ್ಲೇ ಬಾಲೇವಾಡಿಯಲ್ಲಿ ನಡೆದಾಗ, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ 0–0 ನೋಡ್ಕೊಂಡು ಬಂದಿದ್ವಿ. ಆಮೇಲೆ ಕಂಠೀರವದಲ್ಲಿ ಛೆಟ್ರಿ ಮೂರು ಗೋಲು ಹೊಡೆದು 3–1ರಲ್ಲಿ ಮುಗಿಸಿದ್ದು ಬೇರೆ ಮಾತು. ಮುಂದಿನ ವರ್ಷ ಪುಣೆಯ ಆ ಕ್ಲಬ್ಬೇ ಹೋಯ್ತು. ಈಗ ನಮಗೆ ಉಳಿದಿರೋದು ಮೊಬೈಲಿನಿಂದ ಟಿವಿಗೆ ಹಾಕ್ಕೊಂಡು ಕಂಠೀರವ ನೋಡೋದು.

ಅವತ್ತು ಸ್ಯಾಫ್ ಚಾಂಪಿಯನ್‌ಶಿಪ್‌ನಲ್ಲಿ ಭಾರತ ಮತ್ತು ಕುವೈತ್ ಪಂದ್ಯ. ಆ ವರ್ಷ ಅದಕ್ಕೆ ಮೊದಲು ಆಡಿದ ಎಂಟು ಪಂದ್ಯಗಳಲ್ಲಿ ಭಾರತ ಒಂದೇ ಒಂದು ಗೋಲು ಬಿಟ್ಟುಕೊಟ್ಟಿರಲಿಲ್ಲ. ಹಿಂದೆ ನಿಂತಿದ್ದವರು ಸಂದೇಶ್ ಝಿಂಗನ್ ಮತ್ತು 22 ವರ್ಷದ ಅನ್ವರ್ ಅಲಿ. ಮೊದಲಾರ್ಧ ಮುಗಿಯೋ ಹೊತ್ತಿಗೆ ಛೆಟ್ರಿ ಗೋಲು ಹೊಡೆದ. 1–0. ಆಮೇಲೆ ತಳ್ಳಾಟ, ಜಗಳ, ಕೋಚ್ ಇಗೊರ್ ಸ್ಟಿಮ್ಯಾಚ್‌ಗೆ ರೆಡ್ ಕಾರ್ಡ್. 90 ನಿಮಿಷ ಮುಗಿದು ಹೆಚ್ಚುವರಿ ಸಮಯ ನಡೀತಿದೆ. ಕುವೈತ್‌ನವರು ಒಂದು ಕ್ರಾಸ್ ಹಾಕ್ತಾರೆ. ಅನ್ವರ್ ಕಾಲು ಚಾಚ್ತಾನೆ. ಬಾಲ್ ನಮ್ಮದೇ ಬಲೆಯೊಳಗೆ. 1–1.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡಿದ್ವಿ.

ಹುಬ್ಬಳ್ಳಿಯವನದು ಮೊದಲ ಫೈರಿಂಗು: "ಲೇ, ಡಿಫೆಂಡರ್ ಅಂದ್ರ ಬಾಲ್ ಬಂತು, ಹೊರಗ ಒದ್ದೆ, ಮುಗೀತು. ಇವಂಗ್ಯಾಕ ಬೇಕು ಮಿಡ್‌ಫೀಲ್ಡರ್ ಉಸಾಬರಿ? ಪಾಸ್ ಕೊಡ್ತಾನಂತ, ಮುಂದ ಹೋಗ್ತಾನಂತ!"

ನಾನೂ ಸೇರಿಸಿದೆ. ನನ್ನ ಮಾತು ನನಗೆ ಇನ್ನೂ ನೆನಪಿದೆ: "ಇಂಥವರು ಚೆನ್ನಾಗಿ ಆಡ್ತಾರೆ, ಆದ್ರೆ ನಂಬೋಕಾಗಲ್ಲ. ಮುಂದಿನ ಮ್ಯಾಚ್ ಹೊರಗೆ ಕೂರಿಸಬೇಕು. ಬುದ್ಧಿ ಬರುತ್ತೆ."

ಫುಟ್‌ಬಾಲ್ ನೋಡದವರಿಗೆ ಇಲ್ಲಿ ಎರಡು ಮಾತು ಹೇಳ್ಬೇಕು. ಹಿಂದಿನ ಕಾಲದ ಡಿಫೆಂಡರ್ ಕೆಲಸ ಸರಳ: ಎದುರಾಳಿಯನ್ನ ತಡಿ, ಬಾಲ್ ದೂರ ಒದಿ. ಈಗಿನ ಆಟದಲ್ಲಿ ಎದುರಾಳಿಗಳು ನಮ್ಮ ಗೋಲಿನ ಹತ್ತಿರವೇ ಬಂದು ಮುತ್ತಿಗೆ ಹಾಕ್ತಾರೆ. ಆಗ ಸುಮ್ಮನೆ ದೂರ ಒದ್ದರೆ ಬಾಲ್ ಮತ್ತೆ ಅವರಿಗೇ ಸಿಗುತ್ತೆ, ಅರ್ಧ ನಿಮಿಷದಲ್ಲಿ ವಾಪಸ್ ಬರುತ್ತೆ. ಅದೇ ಹಿಂದಿನಿಂದ ಒಬ್ಬ ಧೈರ್ಯವಾಗಿ ಎರಡು ಸಾಲುಗಳ ನಡುವೆ ಪಾಸ್ ತೂರಿಸಿದರೆ ಎದುರಾಳಿಯ ನಾಲ್ಕೈದು ಜನ ಒಂದೇ ಏಟಿಗೆ ಆಟದಿಂದ ಹಿಂದೆ ಬೀಳ್ತಾರೆ. ಅನ್ವರ್ ಅಲಿ ಇಂಥ ಆಟಗಾರ. ಉದ್ದದ ಪಾಸ್ ಇದೆ, ಗೋಲು ಹೊಡೆಯೋ ಕಾಲೂ ಇದೆ. 2018ರಲ್ಲಿ ಭಾರತದ 20 ವರ್ಷದೊಳಗಿನವರ ತಂಡ ಸ್ಪೇನ್‌ನಲ್ಲಿ ಅರ್ಜೆಂಟೀನಾವನ್ನ 2–1ರಿಂದ ಸೋಲಿಸಿದಾಗ ಎರಡನೇ ಗೋಲು ಇವನ ಫ್ರೀಕಿಕ್. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಹಾಂಗ್‌ಕಾಂಗ್ ವಿರುದ್ಧ 4–0 ಗೆದ್ದಾಗ ಎರಡನೇ ನಿಮಿಷದಲ್ಲೇ ಗೋಲು ಹೊಡೆದವನೂ ಇವನೇ. ನಡುವೆ 2019ರಲ್ಲಿ ಹೃದಯದ ತೊಂದರೆ ಇದೆ ಅಂತ ಗೊತ್ತಾಗಿ ಆಟವೇ ನಿಂತುಹೋಗೋ ಹಾಗಾಗಿತ್ತು. ಕೋರ್ಟ್ ಮೆಟ್ಟಿಲು ಹತ್ತಿ, 2021ರಲ್ಲಿ ಮೈದಾನಕ್ಕೆ ವಾಪಸ್ ಬಂದವನು.

ಇಷ್ಟೆಲ್ಲ ಗೊತ್ತಿದ್ದೂ ನಾನು "ಕೂರಿಸಬೇಕು" ಅಂದೆ.

ಮಂಗಳೂರಿನವನು ಅಲ್ಲಿಯವರೆಗೆ ಸುಮ್ಮನಿದ್ದ. ರಿಮೋಟ್ ತಗೊಂಡು ರೀಪ್ಲೇ ಹಾಕಿದ. "ಮಾರಾಯ್ರೆ, ಸರಿ ನೋಡಿ. ಅವ ಪಾಸ್ ಕೊಡ್ಲಿಕ್ಕೆ ಹೋದದ್ದಾ? ಸ್ಟೈಲ್ ಮಾಡ್ಲಿಕ್ಕೆ ಹೋದದ್ದಾ? ಹೊರಗೆ ಒದಿಲಿಕ್ಕೇ ಹೋದದ್ದಲ್ವಾ?"

ನೋಡಿದ್ವಿ. ಹೌದು. ಅವನು ಮಾಡಿದ್ದು ಹುಬ್ಬಳ್ಳಿಯವನು ಹೇಳಿದ ಕೆಲಸವನ್ನೇ. ಕ್ರಾಸ್ ಬಂತು, ಒದೆಯೋಕೆ ಹೋದ, ಕಾಲಿಗೆ ಸರಿಯಾಗಿ ಸಿಗಲಿಲ್ಲ. ಆ ತಪ್ಪಿಗೂ ಅವನ ಆಟದ ಶೈಲಿಗೂ ಸಂಬಂಧವೇ ಇಲ್ಲ. ಆದರೂ ನಾವು ಬೈದದ್ದು ಶೈಲಿಯನ್ನ. ಯಾಕಂದ್ರೆ ಅವನ ಮೇಲೆ ನಮ್ಮ ಮನಸ್ಸಿನಲ್ಲಿ "ರಿಸ್ಕು" ಅಂತ ಒಂದು ಚೀಟಿ ಮೊದಲೇ ಅಂಟಿಸಿತ್ತು. ತಪ್ಪು ಯಾವುದೇ ಇರಲಿ, ಚೀಟಿ ನೋಡಿ ತೀರ್ಪು ಕೊಟ್ವಿ.

ಮೈಸೂರಿನವನು ಒಪ್ಪಲಿಲ್ಲ. "ಸರಿ ಕಣೋ, ಇದೊಂದು ಬಿಡು. ಡೇವಿಡ್ ಲೂಯಿಜ್‌ಗೆ ಏನಂತೀಯಾ?" ಅಂದ. ಅದು ಸರಿಯಾದ ಪ್ರಶ್ನೆ. 2014ರ ವಿಶ್ವಕಪ್. ಜುಲೈ 4ರಂದು ಕೊಲಂಬಿಯಾ ವಿರುದ್ಧ ದೂರದಿಂದ ಅದ್ಭುತ ಫ್ರೀಕಿಕ್ ಹೊಡೆದು ಬ್ರೆಜಿಲನ್ನ ಸೆಮಿಫೈನಲ್‌ಗೆ ದಾಟಿಸಿದ. ಜುಲೈ 8ರಂದು ಜರ್ಮನಿ ವಿರುದ್ಧ ಅದೇ ಲೂಯಿಜ್ ಕ್ಯಾಪ್ಟನ್; ಜೊತೆಗೆ ಆಡಬೇಕಿದ್ದ ತಿಯಾಗೊ ಸಿಲ್ವಾ ಕಾರ್ಡಿನಿಂದಾಗಿ ಹೊರಗೆ. ಗೋಲು ಬೀಳ್ತಾ ಹೋದ ಹಾಗೆ ಲೂಯಿಜ್ ತಾನೇ ಎಲ್ಲ ಸರಿ ಮಾಡ್ತೀನಿ ಅಂತ ಜಾಗ ಬಿಟ್ಟು ಮುಂದೆ ಮುಂದೆ ಓಡಿದ. 29 ನಿಮಿಷಕ್ಕೆ 0–5, ಕೊನೆಗೆ 1–7. ಇಲ್ಲಿ ಕಾಲು ಜಾರಿದ್ದಲ್ಲ. ಎಲ್ಲಿ ನಿಲ್ಲಬೇಕು ಅನ್ನೋ ಲೆಕ್ಕವೇ ತಪ್ಪಿತ್ತು.

ಅಂದ್ರೆ ತಪ್ಪಿನಲ್ಲಿ ಜಾತಿಗಳಿವೆ. ಒಂದು, ನಿರ್ಧಾರ ಸರಿ, ಕೈಕಾಲು ಕೈಕೊಟ್ಟಿದ್ದು. ಇನ್ನೊಂದು, ನಿರ್ಧಾರವೇ ತಪ್ಪು. ಮೂರನೆಯದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡೋದು. ಸ್ಕೋರ್‌ಬೋರ್ಡಿನಲ್ಲಿ ಮೂರೂ ಒಂದೇ ಥರ ಕಾಣ್ತವೆ.

ಈಗ ಆಫೀಸಿಗೆ ಬರ್ತೀನಿ.

ಆಗ ನಾನು ಒಂದು ಸಣ್ಣ ಟೀಮಿನ ಲೀಡ್. ಕಂಪನಿ ಯಾವುದು ಅನ್ನೋದು ಬೇಡ, ಈಗ ಅಲ್ಲಿ ಇಲ್ಲ. ಟೀಮಿನಲ್ಲಿ ಎರಡೂವರೆ ವರ್ಷ ಅನುಭವದ ಒಬ್ಬ ಹುಡುಗ. ನಮ್ಮಲ್ಲಿ ಬಿಲ್ಲಿಂಗಿನ ಒಂದು ಹಳೇ ಬ್ಯಾಚ್ ಜಾಬ್ ಇತ್ತು. ರಾತ್ರಿಯಿಡೀ ಓಡೋದು, ಯಾರಿಗೂ ಮುಟ್ಟೋ ಧೈರ್ಯ ಇಲ್ಲ. ನಾನೂ ಮೂರು ವರ್ಷ ಅದನ್ನ "ಹೊರಗೆ ಒದ್ಕೊಂಡೇ" ಬಂದಿದ್ದೆ. ಈ ಹುಡುಗ ಅದನ್ನ ಹೊಸದಾಗಿ ಬರೆದ. ಚೆನ್ನಾಗಿ ಬರೆದ. ಟೆಸ್ಟಿಂಗ್‌ನಲ್ಲಿ ಆರು ಗಂಟೆಯ ಕೆಲಸ ನಲವತ್ತು ನಿಮಿಷಕ್ಕೆ ಬಂತು. ಮೇ ತಿಂಗಳ ಕೊನೆಯಲ್ಲಿ ಪ್ರೊಡಕ್ಷನ್‌ಗೆ ಹೋಯ್ತು. ಕಾನ್ಫಿಗರೇಷನ್ ಫೈಲಿನಲ್ಲಿ ಒಂದು ಸಾಲು ತಪ್ಪು. ತಿಂಗಳ ಕೊನೆ, ಬಿಲ್ಲಿಂಗ್ ಮೂರು ಗಂಟೆ ನಿಂತಿತು. ಕ್ಲೈಂಟ್ ಕರೆ, ಮೇಲಿನವರ ಕರೆ, ಎಲ್ಲ ಆಯ್ತು.

ಮಾರನೇ ದಿನ ನಾನು ಅವನ ಪ್ರೊಡಕ್ಷನ್ ಆಕ್ಸೆಸ್ ತೆಗೆದೆ. ಕೂರಿಸಿಕೊಂಡು, ಗಟ್ಟಿ ದನಿಯಲ್ಲೂ ಅಲ್ಲ, ತುಂಬ ಪ್ರೀತಿಯಿಂದಲೇ ಹೇಳಿದೆ: "ಸ್ವಲ್ಪ ದಿನ ಸೇಫ್ ಆಗಿ ಆಡು."

ಅವನು ಹೇಳಿದ ಹಾಗೇ ಕೇಳಿದ. ಜೂನ್ ಪೂರ್ತಿ ಅವನಿಂದ ಒಂದೂ ತಪ್ಪಿಲ್ಲ. ಒಂದೂ ಪ್ರಶ್ನೆಯೂ ಇಲ್ಲ. ಕೊಟ್ಟ ಟಿಕೆಟ್ ಮುಗಿಸೋದು, ಹಳೇ ಕೋಡಿನ ಪಕ್ಕದಲ್ಲಿ ಹೊಸದೊಂದು ಸಾಲು ಸೇರಿಸಿ ಎದ್ದು ಹೋಗೋದು. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್. ನಾನು ಅದನ್ನ "ಈಗ ಮೆಚ್ಯೂರ್ ಆಗ್ತಿದ್ದಾನೆ" ಅಂತ ಓದಿಕೊಂಡೆ.

ಜುಲೈ 1, ಶನಿವಾರ. ಮತ್ತೆ ಅದೇ ಫ್ಲಾಟು, ಅದೇ ನಾಲ್ವರು. ಕುವೈತ್ ಜೊತೆ ಡ್ರಾ ಆಗಿದ್ದರಿಂದ ಗುಂಪಿನ ಮೊದಲ ಸ್ಥಾನ ಅವರಿಗೆ ಹೋಗಿತ್ತು. ಸೆಮಿಫೈನಲ್‌ನಲ್ಲಿ ಬಾಂಗ್ಲಾದೇಶದ ಬದಲು ನಮಗೆ ಲೆಬನಾನ್. ಆ ಸೆಲ್ಫ್ ಗೋಲಿನ ಬೆಲೆ ಅದು. ಝಿಂಗನ್ ಕಾರ್ಡಿನಿಂದಾಗಿ ಹೊರಗೆ. ಸ್ಟಿಮ್ಯಾಚ್‌ಗೆ ನಿಷೇಧ, ಅವರ ಜಾಗದಲ್ಲಿ ಮಹೇಶ್ ಗವಳಿ, ಒಂದು ಕಾಲದಲ್ಲಿ ಅವರೂ ಭಾರತದ ಡಿಫೆಂಡರ್. ಅನ್ವರ್‌ನ ಕೂರಿಸಿದ್ರಾ? ಇಲ್ಲ. ಜೊತೆಗಾರನೇ ಇಲ್ಲದ ದಿನ ಹಿಂದಿನ ಸಾಲಿನ ಭಾರ ಅವನ ಮೇಲೇ ಹೆಚ್ಚು ಬಿತ್ತು. ಪಕ್ಕದಲ್ಲಿ ಮೆಹ್ತಾಬ್ ಸಿಂಗ್. 120 ನಿಮಿಷ, 0–0. ಪೆನಾಲ್ಟಿ.

ಪೆನಾಲ್ಟಿ ಒದೆಯೋಕೆ ನಡೆದು ಬಂದವರಲ್ಲಿ ಅನ್ವರ್ ಅಲಿ ಒಬ್ಬ. ಅದೇ ಕಂಠೀರವ. ನಾಲ್ಕು ದಿನದ ಹಿಂದೆ ಸ್ವಂತ ಗೋಲಿಗೆ ಬಾಲ್ ಹಾಕಿದ ಮೈದಾನ. ಹುಬ್ಬಳ್ಳಿಯವನು ಕಣ್ಣು ಮುಚ್ಚಿಕೊಂಡ. ಅನ್ವರ್ ಹೊಡೆದ, ಗೋಲು. ಭಾರತ 4–2ರಲ್ಲಿ ಫೈನಲ್‌ಗೆ.

ಮನೆಯಲ್ಲಿ ಕುಣಿದಾಟ. ಆ ಗದ್ದಲದಲ್ಲಿ ಮಂಗಳೂರಿನವನು ನನ್ನ ಕಡೆ ತಿರುಗಿ, ತಮಾಷೆಗೇ, "ನಿಮ್ಮ ಟೀಮಲ್ಲಿ ಆಗಿದ್ರೆ ಇವತ್ತು ಅವನ ಆಕ್ಸೆಸ್ ಇರ್ತಿರ್ಲಿಲ್ಲ ಅಲ್ವಾ?" ಅಂದ. ಬಿಲ್ಲಿಂಗ್ ಕಥೆ ನಾನೇ ಅವನಿಗೆ ಹೇಳಿದ್ದೆ. ಆಮೇಲೆ ಇನ್ನೊಂದು ಕೇಳಿದ: "ಅಲ್ಲ, ಆ ಹುಡುಗ ಮುಂದೆ ಹೋದಾಗ ಹಿಂದೆ ಯಾರಿದ್ರು?"

ಅದಕ್ಕೆ ನನಗೆ ನಗೋಕಾಗಲಿಲ್ಲ. ಹಿಂದೆ ಇದ್ದದ್ದು ನಾನು. ಆ ಕೋಡ್ ರಿವ್ಯೂ ಮಾಡಿದ್ದು ನಾನು. ರಾತ್ರಿ ಹನ್ನೊಂದಕ್ಕೆ, ಲಾಜಿಕ್ ಎಲ್ಲ ನೋಡಿ, ಕಾನ್ಫಿಗರೇಷನ್ ಫೈಲ್ ತೆರೆಯದೆ ಅಪ್ರೂವ್ ಒತ್ತಿದ್ದೆ. ಇನ್ಸಿಡೆಂಟ್ ರಿಪೋರ್ಟಿನಲ್ಲಿ ಅವನ ಹೆಸರಿತ್ತು. ನನ್ನ ಹೆಸರಿರಲಿಲ್ಲ. ಬರೆದವನೂ ನಾನೇ.

ಹಾಗಾದರೆ ರಿಸ್ಕ್ ತಗೊಳ್ಳೋರನ್ನ ಏನು ಮಾಡ್ಬೇಕು? ಲೂಯಿಜ್ ಕಥೆಗೇ ವಾಪಸ್ ಹೋಗೋಣ. 2020ರ ಜೂನ್ 17, ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಸಿಟಿ. ಬದಲಿ ಆಟಗಾರನಾಗಿ ಬಂದ ಲೂಯಿಜ್ ಒಂದು ಗೋಲಿಗೆ ಕಾರಣನಾದ, ಒಂದು ಪೆನಾಲ್ಟಿ ಕೊಟ್ಟ, ರೆಡ್ ಕಾರ್ಡ್ ತಗೊಂಡು ಹೊರಗೆ ಹೋದ. ಅರ್ಧ ಗಂಟೆಗೂ ಕಡಿಮೆ ಆಟ! 0–3. ಅಭಿಮಾನಿಗಳು ಸಾಕಪ್ಪ ಸಾಕು ಅಂದ್ರು. ಕೋಚ್ ಆರ್ಟೆಟಾ ಅವನನ್ನ ಬಿಡಲಿಲ್ಲ, ಒಪ್ಪಂದ ಒಂದು ವರ್ಷ ಮುಂದಕ್ಕೆ ಹೋಯ್ತು. ಆದರೆ "ಪರವಾಗಿಲ್ಲ ಬಿಡು" ಅಂತ ಬೆನ್ನು ತಟ್ಟಿ ಅದೇ ಜಾಗಕ್ಕೆ ವಾಪಸ್ ಕಳಿಸಲೂ ಇಲ್ಲ. ಹಿಂದೆ ಮೂವರನ್ನ ನಿಲ್ಲಿಸಿ, ಲೂಯಿಜ್‌ನ ನಡುವೆ ಇಟ್ಟರು. ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಕಾವಲು. ಅವನ ಪಾಸ್ ಉಳೀತು, ಅವನು ಬಿಟ್ಟು ಹೋಗೋ ಜಾಗಕ್ಕೆ ಜನ ಸಿಕ್ಕರು. ಒಂದು ತಿಂಗಳಿಗೆ ಅದೇ ಸಿಟಿಯನ್ನ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ 2–0 ಸೋಲಿಸಿದ್ರು. ಆಗಸ್ಟ್ 1ಕ್ಕೆ ಕಪ್ ಗೆದ್ದರು. ನಮ್ಮ ಭಾಷೆಯಲ್ಲಿ ಅದು ರೋಲ್‌ಬ್ಯಾಕ್, ಎರಡನೇ ರಿವ್ಯೂವರ್, ಮೊದಲು ಐದು ಪರ್ಸೆಂಟ್ ಟ್ರಾಫಿಕ್ಕಿಗೆ ಮಾತ್ರ ಬಿಡೋದು.

ಹುಬ್ಬಳ್ಳಿಯವನ ಪರವಾಗಿಯೂ ಒಂದು ಮಾತು. 90ನೇ ನಿಮಿಷ, ಒಂದು ಗೋಲು ಮುಂದಿದ್ದೀವಿ, ಬಾಲ್ ನಮ್ಮ ಗೋಲಿನ ಮುಂದಿದೆ ಅಂದ್ರೆ ಹೊರಗೆ ಒದೀಬೇಕು. ಶುಕ್ರವಾರ ಸಂಜೆ ಆರಕ್ಕೆ ಡಿಪ್ಲಾಯ್ ಮಾಡೋದಕ್ಕೆ ಧೈರ್ಯ ಅಂತ ಹೆಸರಿಡಬೇಡಿ. ಕಾವಲು ಕೊಟ್ಟ ಮೇಲೂ ಮೂರನೇ ಸಲ ಅದೇ ತಪ್ಪಾದರೆ ಆಗ ಕೂರಿಸೋದು ನ್ಯಾಯವೇ. ನಾನು ಹೇಳ್ತಿರೋದು ಇಷ್ಟೆ: ಕೂರಿಸೋ ಮುಂಚೆ ಆ ತಪ್ಪು ಯಾವ ಜಾತಿದು ಅಂತ ನೋಡಿ, ಆಮೇಲೆ ಅವನ ಹಿಂದೆ ಯಾರಿದ್ರು ಅಂತ ನೋಡಿ.

ಜುಲೈ 3, ಸೋಮವಾರ ನಾನು ಆ ರಿಪೋರ್ಟ್ ತೆರೆದು ನನ್ನ ಹೆಸರು ಸೇರಿಸಿದೆ. ಮ್ಯಾನೇಜರ್‌ಗೂ ಹೇಳಿದೆ. ಹುಡುಗನಿಗೆ ಆಕ್ಸೆಸ್ ವಾಪಸ್ ಕೊಟ್ಟೆ, ಬಿಲ್ಲಿಂಗ್ ಜಾಬ್ ನಾವಿಬ್ಬರೂ ಸೇರಿ ಮತ್ತೆ ಬಿಡೋಣ ಅಂದೆ. ಬಿಟ್ವಿ, ಸರಿಯಾಗಿ ಓಡ್ತು. ಅವನು ಥ್ಯಾಂಕ್ಸ್ ಅಂದ, ನಕ್ಕ. ಸೆಪ್ಟೆಂಬರ್‌ನಲ್ಲಿ ಬೇರೆ ಕಂಪನಿಗೆ ಹೋದ. ಕಾರಣ ಸಂಬಳ ಅಂದ. ಇರಬಹುದು. ನಾನು ಹೆಚ್ಚು ಕೇಳಲಿಲ್ಲ, ಕೇಳೋಕೆ ಮುಖವೂ ಇರಲಿಲ್ಲ. ಆ ಜೂನ್ ತಿಂಗಳಲ್ಲಿ ಅವನೊಳಗೆ ಏನು ಆರಿತೋ, ಅದು ಒಂದು ಆಕ್ಸೆಸ್ ಬಟನ್ ಒತ್ತಿದ್ರೆ ವಾಪಸ್ ಬರೋ ಥರದ್ದಲ್ಲ.

ಜುಲೈ 4ರ ಫೈನಲ್‌ನಲ್ಲಿ ಮತ್ತೆ ಅದೇ ಕುವೈತ್, ಮತ್ತೆ ಅದೇ 1–1. ಪೆನಾಲ್ಟಿಯಲ್ಲಿ 5–4. ಕೊನೆಗೆ ಗುರ್‌ಪ್ರೀತ್ ತಡೆದಾಗ ಭಾರತಕ್ಕೆ ಒಂಬತ್ತನೇ ಸ್ಯಾಫ್ ಕಿರೀಟ. ಕೆಳಗಿನ ಮನೆಯ ಮರಾಠಿ ಆಜಿ ಬಾಗಿಲು ಬಡಿದು, ಯಾಕಪ್ಪ ಇಷ್ಟು ಗಲಾಟೆ ಅಂತ ಕೇಳಿ, ವಿಷಯ ತಿಳಿದು ಚಹಾ ಕಳಿಸಿದ್ರು.

ನಮ್ಮ ವಾದ ಇನ್ನೂ ಮುಗಿದಿಲ್ಲ. ಮೊನ್ನೆ ಕೂಡ ಅನ್ವರ್ ಕಾಲಿಗೆ ಬಾಲ್ ಬಂದ ತಕ್ಷಣ ಹುಬ್ಬಳ್ಳಿಯವನು ಸೋಫಾದಿಂದ ಎದ್ದು "ಒದೀಲೇ ಹೊರಗ!" ಅಂತ ಕೂಗಿದ. ಅನ್ವರ್ ತಲೆ ಎತ್ತಿ ನೋಡಿ, ಮುಂದಕ್ಕೆ ಪಾಸ್ ಕೊಟ್ಟ. ಪಾಸ್ ಎದುರಾಳಿಗೆ ಸಿಕ್ಕಿತು. ಝಿಂಗನ್ ಅಲ್ಲಿ ನಿಂತಿದ್ದ, ತಡೆದ.

ಹುಬ್ಬಳ್ಳಿಯವನು ನಮ್ಮೆಲ್ಲರ ಮುಖ ನೋಡಿ, "ನಾ ಹೇಳಿದ್ನಿಲ್ಲೋ?" ಅಂದ. ಮಂಗಳೂರಿನವನು, "ನಾನೂ ಹೇಳಿದ್ದು ಅದನ್ನೇ ಅಲ್ವಾ" ಅಂದ.